ಸಹಾಯ ಬೇಕು: ಬೆಳೆಯುತ್ತಿರುವ ಮಗಳಿಗೆ ಯಾವ ಕಾರ್ ಸೀಟ್?

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡು ವರ್ಷ ತುಂಬುತ್ತಿದೆ. ಈಗಿನ ಸೀಟಿನ ಮೇಲಂಚಿಗೆ ಅವಳ ನೆತ್ತಿ ಇನ್ನೇನು ತಾಗುವಂತಿದೆ, ಹೊಸದನ್ನು ಕೊಳ್ಳಲೇಬೇಕು. ಕಾಲು ಚಾಚಲು ಜಾಗವಾಗಲಿ, ಮುಂದಕ್ಕೆ ಮುಖ ಮಾಡಿ ಕೂರಿಸು ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಹಿಮ್ಮುಖವಾಗಿ ಕೂತಿದ್ದರೆ, ಎದುರಿನಿಂದ ಡಿಕ್ಕಿಯಾದಾಗ ಆಘಾತವೆಲ್ಲ ಸೀಟಿನ ಬೆನ್ನಿನುದ್ದಕ್ಕೂ ಹಂಚಿಹೋಗಿ ಎಳೆಯ ಕುತ್ತಿಗೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಕಾಲು ಮಡಚಿ ಕೂರುವುದು ಮಕ್ಕಳಿಗೆ ಕಷ್ಟವೇನಲ್ಲ. ಹಾಗಾಗಿ ಈಗ ಹಿಮ್ಮುಖವಾಗಿ, ದೊಡ್ಡವಳಾದ ಮೇಲೆ ಮುಮ್ಮುಖವಾಗಿ ಬಳಸಬಹುದಾದ ಸೀಟನ್ನೇ ಹುಡುಕುತ್ತಿದ್ದೇನೆ.

ನಮ್ಮ ಕಾರು ಚಿಕ್ಕದು, ಮಗುವಿನ ಸೀಟನ್ನು ಬೆಲ್ಟ್ ಇಲ್ಲದೆ ನೇರವಾಗಿ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳಿವೆ. ಅವಳ ಅಜ್ಜಿಯ ಕಾರಿನಲ್ಲಿ ಬೆಲ್ಟ್ ಮಾತ್ರ ಇದೆ. ಎರಡಕ್ಕೂ ಹೊಂದುವಂಥದ್ದು ಬೇಕು. ಬಿಗಿದ ನಂತರ ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಸೀಟು 2.5 ಸೆಂ.ಮೀ.ಗಿಂತ ಹೆಚ್ಚು ಜರುಗಬಾರದು. ಪದೇಪದೇ ಬಿಚ್ಚಿ ಕಟ್ಟುವಾಗಲೂ ಅಷ್ಟು ಬಿಗಿ ಸಿಗುತ್ತದೆಯೇ? ಒಬ್ಬರೇ ಎತ್ತಿ ಸಾಗಿಸಬಹುದೇ? ಚಾಲಕನ ಪಕ್ಕದ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬೇಕಾಯಿತು? ಕವರ್ ಒಗೆಯಲು ಸುಲಭವೇ?

ಯಾರೋ ಬಳಸಿದ ಸೀಟು ಬೇಡ; ಅದು ಅಪಘಾತಕ್ಕೆ ಸಿಕ್ಕಿತ್ತೇ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಬಳಸಿ ನೋಡಿದವರು ಮಾದರಿಯ ಹೆಸರು, ಹಿಮ್ಮುಖವಾಗಿ ಅದು ತಾಳುವ ತೂಕ, ಎತ್ತರದ ಮಿತಿ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.