ಮಳೆಗಾಲದಲ್ಲಿ ಬಿಗಿಯಾಗುವ ಬ್ಲಾಕುಗಳು, ಬೇಗ ಬೀಳುವ ಗೋಪುರ: ಮರಳುಕಾಗದ ಹಿಡಿಯಬೇಕೇ?

ಪ್ರಶ್ನೆ (ಕಲಬುರಗಿ)

ನಮ್ಮ ಮನೆಯಲ್ಲಿ ಜೆಂಗಾ ಮಾದರಿಯ ಆಟವೊಂದಿದೆ. ಮೂರು ಬಣ್ಣದ 54 ಮರದ ಬ್ಲಾಕುಗಳನ್ನು ಮೂರು ಮೂರರಂತೆ 18 ಅಂತಸ್ತು ಪೇರಿಸಿದ ಮೇಲೆ, ಸರದಿ ಬಂದವರು ಒಂದು ಕಾರ್ಡು ಎತ್ತಿ, ಅದು ಹೇಳಿದ ಬಣ್ಣದ ಬ್ಲಾಕನ್ನು ಎಳೆದು ತುದಿಯಲ್ಲಿಡಬೇಕು. ಬೇಸಿಗೆಯಲ್ಲಿ ಒಂದು ಆಟ ಅರ್ಧ ಗಂಟೆ ನಡೆಯುತ್ತಿತ್ತು. ಪಂಚಮಿಗೆ ತಂಗಿ ಮಕ್ಕಳೊಂದಿಗೆ ತವರಿಗೆ ಬಂದಾಗ ಆಡಲು ಕುಳಿತರೆ, ಏಳೆಂಟು ಸರದಿಯೊಳಗೆ ಗೋಪುರ ಬೀಳುತ್ತಿದೆ. ಕೆಲವು ಬ್ಲಾಕುಗಳನ್ನು ತಳ್ಳಿದರೆ ಅವು ಕದಲದೆ ಮೇಲಿನ ಅಂತಸ್ತೇ ಜರುಗುತ್ತದೆ. ಕಾರ್ಡುಗಳೂ ದೋಣಿಯಂತೆ ಬಾಗಿವೆ. ಪೆಟ್ಟಿಗೆ ಇರುವುದು ಮಂಚದ ಕೆಳಗೆ, ಶಹಾಬಾದ್ ಕಲ್ಲಿನ ನೆಲದ ಮೇಲೆ. ಆಡುವಾಗ ಗೋಪುರವನ್ನೂ ಕಾರ್ಡಿನ ಕಟ್ಟನ್ನೂ ಒಂದೇ ಮಣೆಯ ಮೇಲಿಡುತ್ತೇವೆ. ಎಲ್ಲ ಬ್ಲಾಕುಗಳನ್ನು ಮರಳುಕಾಗದದಿಂದ ಉಜ್ಜಿ ಸಮ ಮಾಡಿದರೆ ಸರಿಹೋಗುವುದೇ?

ಉತ್ತರ (ಬೀದರ್)

ದಯವಿಟ್ಟು ಮರಳುಕಾಗದ ಮುಟ್ಟಬೇಡಿ. ಈ ಆಟ ನಡೆಯುವುದೇ ಬ್ಲಾಕುಗಳ ದಪ್ಪದಲ್ಲಿರುವ ಕೂದಲೆಳೆಯಷ್ಟು ವ್ಯತ್ಯಾಸದಿಂದ. ಒಂದು ಅಂತಸ್ತಿನಲ್ಲಿ ದಪ್ಪನೆಯ ಬ್ಲಾಕು ಭಾರ ಹೊತ್ತರೆ ತೆಳ್ಳನೆಯದು ಸಡಿಲವಾಗಿ ಉಳಿಯುತ್ತದೆ, ಅದನ್ನೇ ನಾವು ಹುಡುಕಿ ಎಳೆಯುತ್ತೇವೆ. ಎಲ್ಲವನ್ನೂ ಸಮ ಮಾಡಿದರೆ ಸಡಿಲ ಬ್ಲಾಕೇ ಇರುವುದಿಲ್ಲ.

ಮಳೆಗಾಲದ ತೇವಕ್ಕೆ ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುವುದೇ ಹೆಚ್ಚು. ಅಡ್ಡಕ್ಕೂ ಎಲ್ಲ ಕಡೆ ಒಂದೇ ಸಮನಾಗಿ ಹಿಗ್ಗುವುದಿಲ್ಲ: ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಹಿಗ್ಗು, ಉಂಗುರಗಳನ್ನು ಹಾಯ್ದು ಆಗುವ ಹಿಗ್ಗಿನ ಸುಮಾರು ಎರಡರಷ್ಟಿರುತ್ತದೆ. ಆದ್ದರಿಂದ ಹಲಗೆಯಿಂದ ಬೇರೆ ಬೇರೆ ದಿಕ್ಕಿನಲ್ಲಿ ಕೊಯ್ದ ಬ್ಲಾಕುಗಳು ಒಂದೇ ತೇವಕ್ಕೆ ಬೇರೆ ಬೇರೆ ದಪ್ಪವಾಗುತ್ತವೆ. ಬಣ್ಣದ ಮೈಯೂ ತೇವದಲ್ಲಿ ಸ್ವಲ್ಪ ಅಂಟಂಟಾಗುತ್ತದೆ. ಈಗ ಉಜ್ಜಿ ತೆಳುವಾಗಿಸಿದರೆ ಏಪ್ರಿಲ್‌ನ ಒಣ ಬಿಸಿಲಿಗೆ ಅವೇ ಬ್ಲಾಕುಗಳು ಸಡಿಲವಾಗಿ ಗೋಪುರ ತಾನಾಗಿಯೇ ಓಲಾಡುತ್ತದೆ. ತೆಗೆದ ಮರ ಮತ್ತೆ ಬರುವುದಿಲ್ಲ.

ಬ್ಲಾಕುಗಳನ್ನು ಬಿಡಿಬಿಡಿಯಾಗಿ ಹರಡಿ ಮೂರು ದಿನ ಫ್ಯಾನಿನ ಕೆಳಗಿಡಿ. ನೇರ ಬಿಸಿಲು ಬೇಡ, ಬಾಗುತ್ತವೆ. ನಂತರ ಒಣ ಹತ್ತಿಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿಯಲ್ಲಿಟ್ಟು ಅಟ್ಟದ ಮೇಲಿಡಿ. ಮಳೆಗಾಲದಲ್ಲಿ ಕಲ್ಲಿನ ನೆಲ ಎಷ್ಟು ತಣ್ಣಗೆ ತೇವವಾಗಿರುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಪೌಡರು ಹಾಕುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಎಳೆಯಬೇಕಾದ ಬ್ಲಾಕಿನೊಂದಿಗೆ ಭಾರ ಹೊತ್ತದ್ದೂ ಜಾರುತ್ತದೆ.

ಉತ್ತರ (ಯಾದಗಿರಿ)

ಮೇಲಿನ ಮಾತು ಸರಿ, ಆದರೆ ತೇವವೊಂದೇ ಕಾರಣವಲ್ಲವೆಂದು ನನಗೆ ಅನ್ನಿಸುತ್ತದೆ. ಮಣೆ ಸಮವಾಗಿದೆಯೇ ನೋಡಿ. 7.5 ಸೆಂ.ಮೀ. ಅಗಲದ ಬುಡ ಒಂದು ಬದಿಗೆ 1 ಮಿ.ಮೀ. ತಗ್ಗಿದ್ದರೂ, 27 ಸೆಂ.ಮೀ. ಎತ್ತರದ ಗೋಪುರದ ತುದಿ 3.6 ಮಿ.ಮೀ. ವಾಲುತ್ತದೆ, ಆಟ ಬೆಳೆದಂತೆ ವಾಲುವಿಕೆಯೂ ಬೆಳೆಯುತ್ತದೆ. ಮಣೆಯ ಕಾಲಿಗೆ ಮಡಚಿದ ಕಾಗದ ಕೊಟ್ಟರೆ ಸಾಕು. ಕಾರ್ಡಿನ ಕಟ್ಟು ಮಾತ್ರ ಮಣೆಯಿಂದ ದೂರವಿರಲಿ, ಏಕೆಂದರೆ ಬಾಗಿದ ಕಾರ್ಡು ಎತ್ತಲು ಬೆರಳು ಒತ್ತಿದ ಪ್ರತಿ ಸಲವೂ ಮಣೆ ಅಲುಗುತ್ತದೆ.

ಮಕ್ಕಳು ಪೇರಿಸುವಾಗ ಒಂದೊಂದು ಅಂತಸ್ತನ್ನು ಒಂದೇ ಬಣ್ಣದಿಂದ ಕಟ್ಟುತ್ತಾರೆಯೇ? ಹಾಗಾದರೆ ಕೆಂಪು ಕಾರ್ಡು ಮೇಲಿಂದ ಮೇಲೆ ಬಂದಾಗ ಅದೇ ಅಂತಸ್ತುಗಳು ಬರಿದಾಗುತ್ತವೆ. ಪ್ರತಿ ಅಂತಸ್ತಿನಲ್ಲಿ ಮೂರೂ ಬಣ್ಣ ಒಂದೊಂದಿರಲಿ, ನಡುವಿನ ಬಣ್ಣ ಅಂತಸ್ತಿನಿಂದ ಅಂತಸ್ತಿಗೆ ಬದಲಾಗಲಿ.

ಮತ್ತೆ ಕಲಬುರಗಿಯಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದ. ಮಕ್ಕಳು ಅಂದಕ್ಕೆಂದು ಒಂದೇ ಬಣ್ಣದ ಅಂತಸ್ತುಗಳನ್ನೇ ಕಟ್ಟುತ್ತಿದ್ದರು. ಬಣ್ಣ ಬೆರೆಸಿ, ಕಟ್ಟನ್ನು ಚಾಪೆಯ ಮೇಲಿಟ್ಟ ದಿನವೇ ಆಟ ಹದಿನೈದು ಸರದಿ ದಾಟಿತು. ಬ್ಲಾಕು ಒಣಗಿಸಿದ ನಂತರ ನಿನ್ನೆ ರಾತ್ರಿ 26ನೆಯ ಸರದಿಯವರೆಗೆ ನಿಂತಿತು. ಕಾರ್ಡುಗಳನ್ನು ದಪ್ಪ ನಿಘಂಟಿನ ಕೆಳಗೆ ಎರಡು ದಿನ ಇಟ್ಟೆ. ನಾಲ್ಕು ಮಾತ್ರ ಇನ್ನೂ ಬಾಗಿವೆ, ಮತ್ತೆ ಅಲ್ಲಿಯೇ ಇಟ್ಟಿದ್ದೇನೆ.