ಹಳೆಯ ಓಮ್ನಿಯ ಆಯಿಲ್ ಸೋರಿಕೆ: ಎಂಜಿನ್ ಇಳಿಸುವ ಮುನ್ನ ಏನನ್ನು ನೋಡಬೇಕು?

ಪ್ರಶ್ನೆ (ಚಿಂತಾಮಣಿಯಿಂದ):

ನಮ್ಮ ಮನೆಯಲ್ಲಿ 2006ರ ಮಾರುತಿ ಓಮ್ನಿ ಇದೆ. ತಂದೆಯವರು ಕೊಂಡ ಗಾಡಿ. ತರಕಾರಿ ಸಾಗಿಸುವುದಕ್ಕೂ ಮನೆಯವರ ಓಡಾಟಕ್ಕೂ ಈಗಲೂ ಅದೇ ಆಧಾರ. ಕೆಲವು ತಿಂಗಳಿಂದ ನಿಲ್ಲಿಸಿದ ಜಾಗದಲ್ಲಿ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದೆ. ಓಡಿಸುವಾಗ ಸೀಟಿನ ಕೆಳಗಿನಿಂದ ಸುಟ್ಟ ಎಣ್ಣೆಯ ವಾಸನೆಯೂ ಬರುತ್ತದೆ. ಎಂಜಿನ್ ಇಳಿಸಿ ಎಲ್ಲ ಸೀಲುಗಳನ್ನೂ ಬದಲಿಸಬೇಕೆಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ದಪ್ಪ ಆಯಿಲ್ ಹಾಕಿಕೊಂಡು ಓಡಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ (ತುಮಕೂರಿನಿಂದ):

ಇದೇ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇರುವ ಓಮ್ನಿಯನ್ನು ನಾನು ಬಹಳ ಕಾಲದಿಂದ ಇಟ್ಟುಕೊಂಡಿದ್ದೇನೆ. ಆ ಎರಡೂ ಸಲಹೆಗಳನ್ನು ಸದ್ಯಕ್ಕೆ ಬದಿಗಿಡಿ ಎಂಬುದೇ ನನ್ನ ಮೊದಲ ಮಾತು. ಆಯಿಲ್ ಎಲ್ಲಿಂದ ಹೊರಬರುತ್ತಿದೆ ಎಂಬುದು ಗೊತ್ತಾಗುವವರೆಗೆ ಯಾವ ರಿಪೇರಿಯೂ ಊಹೆಯ ಮೇಲೆ ಮಾಡಿದ ಖರ್ಚಾಗುತ್ತದೆ. ಮೇಲೆ ಜಿನುಗಿದ ಆಯಿಲ್ ಎಂಜಿನ್ನಿನ ಮೈಮೇಲೆ ಹರಿದು ಕೆಳಗಿಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ನೆಲದ ಮೇಲೆ ತೊಟ್ಟು ಬಿದ್ದಿರುವ ಜಾಗಕ್ಕೂ ಸೋರುವ ಜಾಗಕ್ಕೂ ಅನೇಕ ಸಲ ಸಂಬಂಧವೇ ಇರುವುದಿಲ್ಲ. ಒದ್ದೆಯಾಗಿರುವ ಭಾಗಗಳಲ್ಲಿ ಅತ್ಯಂತ ಮೇಲಿನದು ಮತ್ತು ಮುಂದಿನದು ಯಾವುದೋ ಅಲ್ಲಿಂದ ಹುಡುಕಾಟ ಶುರುವಾಗಬೇಕು.

ಅದಕ್ಕಾಗಿ ಮೊದಲು ಎಂಜಿನ್ ತೊಳೆಯಬೇಕು. ಓಮ್ನಿಯಲ್ಲಿ ಮುಂದಿನ ಸೀಟನ್ನು ಎತ್ತಿದರೆ ಎಂಜಿನ್ನಿನ ಮೇಲ್ಭಾಗ ಕೈಗೆ ಸಿಗುವುದರಿಂದ ಈ ಕೆಲಸ ಸುಲಭ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಆಲ್ಟರ್ನೇಟರ್, ಕರೆಂಟಿನ ಕನೆಕ್ಟರುಗಳು, ಏರ್ ಫಿಲ್ಟರಿನ ಬಾಯಿ ಇವುಗಳನ್ನು ಪ್ಲಾಸ್ಟಿಕ್ ಕವರಿನಿಂದ ಮುಚ್ಚಿ, ಬ್ರಷ್ಷಿಗೆ ಡೀಸೆಲ್ ಹಚ್ಚಿ ಹಳೆಯ ಜಿಡ್ಡನ್ನೆಲ್ಲ ತೆಗೆಯಿರಿ. ವಾಟರ್ ಸರ್ವಿಸ್‌ನವರು ಹಿಡಿಯುವ ಜೋರು ನೀರಿನ ಪೈಪು ಈ ಕೆಲಸಕ್ಕೆ ಬೇಡ. ಬಟ್ಟೆಯಿಂದ ಒರೆಸಿ, ಡೀಸೆಲ್ ಪೂರ್ತಿ ಆರುವವರೆಗೆ ಸ್ಟಾರ್ಟ್ ಮಾಡಬೇಡಿ. ಬಿಸಿಯಾದ ಎಕ್ಸಾಸ್ಟಿನ (ಹೊಗೆ ಕೊಳವೆಯ) ಮೇಲೆ ಡೀಸೆಲ್ ಉಳಿದಿದ್ದರೆ ಬೆಂಕಿಯ ಅಪಾಯವಿದೆ. ಅನುಮಾನವಿರುವ ಅಂಚುಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಕೈವಾರದವರೆಗೆ ಒಂದು ಸಲ ಹೋಗಿ ಬಂದು ಟಾರ್ಚ್ ಹಿಡಿದು ನೋಡಿ. ಜಿನುಗುವ ಜಾಗದಲ್ಲಿ ಬಿಳಿಯ ಪೌಡರ್ ಕಪ್ಪಾಗಿ ಗೆರೆ ಎಳೆದಿರುತ್ತದೆ. ರಾತ್ರಿ ಗಾಡಿಯ ಕೆಳಗೆ ಅಗಲವಾದ ರಟ್ಟು ಹಾಸಿ, ಅದರ ಮೇಲೆ ಮುಂದಿನ ಚಕ್ರಗಳ ಗುರುತು ಮಾಡಿದ್ದರೆ ತೊಟ್ಟು ಯಾವ ಭಾಗದಿಂದ ಬೀಳುತ್ತಿದೆ ಎಂಬುದೂ ಬೆಳಿಗ್ಗೆ ತಿಳಿಯುತ್ತದೆ. ಬಿದ್ದದ್ದು ನಿಜವಾಗಿ ಎಂಜಿನ್ ಆಯಿಲ್ಲೇ ಎಂಬುದನ್ನೂ ಆಗಲೇ ನೋಡಿಬಿಡಿ. ಗೇರ್ ಆಯಿಲ್ ಆಗಿದ್ದರೆ ಗಂಧಕದಂಥ ಕಟುವಾದ ವಾಸನೆ ಇರುತ್ತದೆ.

ತಾವು ಹೇಳಿದ ಸುಟ್ಟ ವಾಸನೆ ಒಂದು ಮುಖ್ಯವಾದ ಸುಳಿವು. ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಕೂಡಿಕೊಂಡಿರುವ ಹೊಗೆ ಕೊಳವೆಯ) ಮೇಲೆ ಆಯಿಲ್ ಬಿದ್ದಾಗ ಆ ವಾಸನೆ ಬರುತ್ತದೆ, ಅಂದರೆ ಬಹುಮಟ್ಟಿಗೆ ಸೋರಿಕೆ ಮೇಲಿನಿಂದಲೇ ಇರಬೇಕು. ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹೆಡ್ ಕವರಿನ (ಎಂಜಿನ್ನಿನ ತಲೆಯ ಮೇಲಿನ ಮುಚ್ಚಳದ) ಅಂಚಿನ ಕೆಳಗೆ ಕೂರುವ ರಬ್ಬರ್ ಪ್ಯಾಕಿಂಗ್. ವರ್ಷಗಟ್ಟಲೆ ಕಾವು ತಿಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಇದು ಕಡಿಮೆ ಬೆಲೆಯ ಸಾಮಾನು, ಇದಕ್ಕೆ ಎಂಜಿನ್ ಇಳಿಸುವ ಅಗತ್ಯವೇ ಇಲ್ಲ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಇರುವ ಎಂಜಿನ್‌ಗಳಲ್ಲಿ ಅದರ ಬುಡದ ರಬ್ಬರ್ ರಿಂಗು, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರಿನ ರಿಂಗು, ಚೇಂಬರಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯ) ಡ್ರೇನ್ ಬೋಲ್ಟಿನ ವಾಷರ್, ಇವೆಲ್ಲ ಸಣ್ಣ ಖರ್ಚಿನವು. ಮುಂದಿನ ಹಂತಕ್ಕೆ ಹೋಗುವ ಮೊದಲು ಇವೆಲ್ಲವನ್ನೂ ನೋಡಿ ಮುಗಿಸಬೇಕು. ಫಿಲ್ಟರ್ ಬದಲಿಸುವಾಗ ಹಳೆಯ ರಿಂಗು ಎಂಜಿನ್ನಿಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಅಲ್ಲಿಂದಲೂ ಆಯಿಲ್ ಸೋರುತ್ತದೆ, ಆ ಸೋರಿಕೆ ಜೋರಾಗಿಯೂ ಇರುತ್ತದೆ.

ನಿಜವಾಗಿ ದೊಡ್ಡ ಕೆಲಸವೆಂದರೆ ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್. ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕಾಗುತ್ತದೆ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕೂಡಿಕೆಯ ತಳದಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದು, ಮೇಲೆಲ್ಲ ಒಣಗಿದ್ದರೆ ಮಾತ್ರ ಅದರ ಮೇಲೆ ಅನುಮಾನ ಪಡಿ. ಆ ಆಯಿಲ್ ಕ್ಲಚ್ ಪ್ಲೇಟಿಗೆ ತಗುಲಿದರೆ ದೇವರಾಯನದುರ್ಗದಂಥ ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಕ್ಲಚ್ ಕೆಲಸಕ್ಕೆಂದು ಗೇರ್ ಬಾಕ್ಸ್ ಇಳಿಸಿದಾಗ ಈ ಸೀಲನ್ನೂ ಬದಲಿಸಿಬಿಡುವುದು ಲೇಸು. ಮುಂಭಾಗದ ಕ್ರ್ಯಾಂಕ್ ಸೀಲ್ ಮತ್ತು ಕ್ಯಾಮ್ (ವಾಲ್ವುಗಳನ್ನು ತೆರೆಯುವ ಮೇಲಿನ ದಂಡ) ಸೀಲ್ ಸೋರಿದರೆ ಟೈಮಿಂಗ್ ಬೆಲ್ಟಿಗೆ ಆಯಿಲ್ ತಾಗಿ ಅದರ ಆಯುಸ್ಸು ಕುಗ್ಗುತ್ತದೆ. ಅವುಗಳನ್ನು ಬೆಲ್ಟಿನ ಜೊತೆಗೇ ಹಾಕಿಸಬೇಕು.

ಪ್ರಶ್ನೆ ಕೇಳಿದವರು:

ತಾವು ಹೇಳಿದಂತೆಯೇ ತೊಳೆದು ನೋಡಿದೆ. ಕೆಳಗೆ ಚೇಂಬರ್, ಗೇರ್ ಬಾಕ್ಸ್ ಎಲ್ಲ ಒಣಗಿವೆ. ಹೆಡ್ ಕವರಿನ ಅಂಚು ಎಕ್ಸಾಸ್ಟ್ ಇರುವ ಬದಿಯಲ್ಲಿ ಒದ್ದೆಯಾಗಿದೆ. ಆದರೆ ಆ ಪ್ಯಾಕಿಂಗ್ ಕಳೆದ ವರ್ಷವಷ್ಟೇ ಹೊಸದಾಗಿ ಹಾಕಿಸಿದ್ದು. ಇಷ್ಟು ಬೇಗ ಮತ್ತೆ ಸೋರಲು ಕಾರಣವೇನಿರಬಹುದು?

ಉತ್ತರ (ಕೋಲಾರದಿಂದ):

ಹೊಸ ಪ್ಯಾಕಿಂಗ್ ಬೇಗನೆ ಸೋರಿದರೆ ಎಂಜಿನ್ನಿನ ಉಸಿರಾಟವನ್ನು ನೋಡಬೇಕು. ನನ್ನದು ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ ಹಳೆಯ ಡೀಸೆಲ್ ಗಾಡಿ. ಅದರಲ್ಲಿಯೂ ಪ್ಯಾಕಿಂಗ್ ಮತ್ತು ಸೀಲುಗಳು ಒಂದಾದ ಮೇಲೊಂದು ಸೋರುತ್ತಿದ್ದವು, ಬದಲಿಸಿದ್ದು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ಎಂಜಿನ್ನಿನ ಒಳಗಿನ ಅನಿಲ ಹೊರಬರುವ ಬ್ರೀದರ್ ಪೈಪನ್ನು ಬಿಚ್ಚಿ ತೋರಿಸಿದಾಗ ಅದರ ಒಳಗೆ ಕಪ್ಪು ಕೆಸರಿನಂಥ ಆಯಿಲ್ ಗಟ್ಟಿಯಾಗಿ ಕೂತಿತ್ತು. ಪೈಪನ್ನು ಶುದ್ಧ ಮಾಡಿಸಿ ಪ್ಯಾಕಿಂಗ್ ಹಾಕಿಸಿದ ಮೇಲೆ ಸೋರಿಕೆ ನಿಂತಿತು.

ಇದರ ಕಾರಣ ಹೀಗಿದೆ. ಸಿಲಿಂಡರಿನಲ್ಲಿ ಉರಿದ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲಿ ಇದು ಕಡಿಮೆ, ಹಳೆಯದರಲ್ಲಿ ಹೆಚ್ಚು. ಆ ಅನಿಲವನ್ನು ಮತ್ತೆ ಎಂಜಿನ್ನಿನ ಒಳಹರಿವಿಗೆ ಒಯ್ಯಲು ಬ್ರೀದರ್ ಪೈಪು ಇರುತ್ತದೆ, ಅನೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ಅದರ ದಾರಿಯಲ್ಲಿ ಪಿಸಿವಿ ಎಂಬ ಸಣ್ಣ ವಾಲ್ವ್ ಕೂಡ ಇರುತ್ತದೆ. ಈ ದಾರಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ದುರ್ಬಲವೋ ಅಲ್ಲಿಂದ ಆಯಿಲನ್ನು ಹೊರಗೆ ನೂಕುತ್ತದೆ. ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಆ ಒತ್ತಡ ಅದನ್ನು ಉಳಿಯಗೊಡುವುದಿಲ್ಲ. ತಮ್ಮ ಗಾಡಿಯಲ್ಲಿ ಪಿಸಿವಿ ವಾಲ್ವ್ ಇದ್ದರೆ ಅದನ್ನು ಬಿಚ್ಚಿ ಕೈಯಲ್ಲಿ ಅಲ್ಲಾಡಿಸಿ ನೋಡಿ: ಒಳಗಿನ ಭಾಗ ಕಟಕಟ ಸದ್ದು ಮಾಡಿದರೆ ಅದು ಅಂಟಿಕೊಂಡಿಲ್ಲವೆಂದು ತಿಳಿಯಬಹುದು, ಸದ್ದೇ ಇಲ್ಲದಿದ್ದರೆ ಬದಲಿಸಬೇಕು. ರಬ್ಬರ್ ಪೈಪು ಒಳಗೆ ಕುಸಿದು ಮುಚ್ಚಿಕೊಂಡಿದೆಯೇ ಎಂಬುದನ್ನೂ ಗಮನಿಸಿ.

ಪೈಪು ಸರಿಯಿದ್ದೂ ಸೋರುತ್ತಿದ್ದರೆ, ಬಿಸಿಯಾದ ಎಂಜಿನ್ನನ್ನು ಐಡಲ್‌ನಲ್ಲಿ ಬಿಟ್ಟು ಆಯಿಲ್ ತುಂಬುವ ಮುಚ್ಚಳವನ್ನು ಎಚ್ಚರಿಕೆಯಿಂದ ಸಡಿಲಿಸಿ. ಸ್ವಲ್ಪ ಗಾಳಿ ಮಿಡಿಯುವುದು ಸಹಜ. ಹೊಗೆ ಭರಭರನೆ ಉಗುಳಿದರೆ ರಿಂಗುಗಳು ಸವೆದಿರುವ ಸಾಧ್ಯತೆ ಹೆಚ್ಚು, ಆಗ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನಲ್ಲಿ ಒತ್ತಡ ಎಷ್ಟು ನಿಲ್ಲುತ್ತದೆಂದು ಅಳೆಯುವುದು) ಮಾಡಿಸಲೇಬೇಕು. ಎಂಜಿನ್ ಇಳಿಸುವ ಮಾತಿಗೆ ನಿಜವಾದ ಆಧಾರ ಸಿಗುವುದು ಆ ಪರೀಕ್ಷೆಯಲ್ಲಿ; ನೆಲದ ಮೇಲಿನ ತೊಟ್ಟುಗಳನ್ನು ನೋಡಿ ಆ ತೀರ್ಮಾನಕ್ಕೆ ಬರಲಾಗದು.

ಉತ್ತರ (ಗೌರಿಬಿದನೂರಿನಿಂದ):

ಹೆಡ್ ಕವರ್ ಮತ್ತೆ ಬಿಚ್ಚಿಸುವಾಗ ತಾವು ಪಕ್ಕದಲ್ಲಿ ನಿಂತಿರಿ. ತಗಡಿನ ಕವರನ್ನು ಅತಿಯಾಗಿ ಬಿಗಿದರೆ ಅಂಚು ಬಾಗುತ್ತದೆ, ಬಾಗಿದ ಅಂಚಿನ ಕೆಳಗೆ ಯಾವ ಪ್ಯಾಕಿಂಗೂ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಕವರನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ, ಎರಡೂ ಮುಖಗಳ ಹಳೆಯ ಅಂಟನ್ನು ಪೂರ್ತಿ ತೆಗೆಸಿ, ಬೋಲ್ಟುಗಳನ್ನು ಒಂದೇ ಸಲ ಬಿಗಿಯದೆ ಸುತ್ತು ಸುತ್ತಾಗಿ ಸಮನಾಗಿ ಬಿಗಿಯಲು ಹೇಳಿ. ಅನೇಕರು ಸಿಲಿಕೋನ್ ಪೇಸ್ಟನ್ನು ಧಾರಾಳವಾಗಿ ಹಚ್ಚುತ್ತಾರೆ. ಒಳಗೆ ಉಬ್ಬಿದ ಪೇಸ್ಟು ಚೂರಾಗಿ ಕಳಚಿ, ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಇಡೀ ಎಂಜಿನ್ನಿಗೇ ಕುತ್ತು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ.

ದಪ್ಪ ಆಯಿಲ್ಲಿನ ವಿಷಯ. 20ಡಬ್ಲ್ಯು-50 ದರ್ಜೆಯ ಆಯಿಲ್ ಹಾಕಿದರೆ ತೊಟ್ಟು ಕೊಂಚ ಕಡಿಮೆಯಾಗಬಹುದು, ಆದರೆ ಸೋರುವ ದಾರಿ ಹಾಗೆಯೇ ಇರುತ್ತದೆ. ಡಿಸೆಂಬರಿನ ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಕ್ಯಾಮ್ ಶಾಫ್ಟಿನವರೆಗೆ ಏರಲು ಹೆಚ್ಚು ಹೊತ್ತು ಬೇಕಾಗುತ್ತದೆ. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಗಳ ಒಳಗೇ ಇರುವುದು ಕ್ಷೇಮ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ದ್ರವಗಳು ಗಟ್ಟಿಯಾದ ರಬ್ಬರನ್ನು ತಾತ್ಕಾಲಿಕವಾಗಿ ಉಬ್ಬಿಸುತ್ತವೆ, ಸೀಳಿದ ಪ್ಯಾಕಿಂಗನ್ನು ಕೂಡಿಸಲಾರವು.

ರಿಪೇರಿ ಆಗುವವರೆಗೆ ಓಡಿಸಲೇಬೇಕಿದ್ದರೆ, ಸಮತಟ್ಟಾದ ಜಾಗದಲ್ಲಿ ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್ ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡುವುದನ್ನು ತಪ್ಪಿಸಬೇಡಿ. ಮೇಲಿನ ಗುರುತನ್ನು ಮೀರಿ ತುಂಬುವುದೂ ಹಾನಿಯೇ. ಕ್ರ್ಯಾಂಕ್ ತಿರುಗುವಾಗ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆಯಾದ ಆಯಿಲ್ ಬೇರಿಂಗುಗಳನ್ನು ಕಾಪಾಡುವುದಿಲ್ಲ. ಓಡುತ್ತಿರುವಾಗ ಆಯಿಲ್ಲಿನ ಕೆಂಪು ದೀಪ ಹತ್ತಿದರೆ ಮುಂದಿನ ಊರಿನವರೆಗೆ ಎಂದು ಎಳೆಯದೆ, ರಸ್ತೆಯ ಬದಿಗೆ ತೆಗೆದು ಅಲ್ಲೇ ಎಂಜಿನ್ ನಿಲ್ಲಿಸಿಬಿಡಿ. ಮ್ಯಾನಿಫೋಲ್ಡಿನ ಮೇಲೆ ಆಯಿಲ್ ಬೀಳುತ್ತಿರುವುದರಿಂದ ಬೆಂಕಿ ಆರಿಸುವ ಸಣ್ಣ ಸಿಲಿಂಡರನ್ನೂ ಗಾಡಿಯಲ್ಲಿಡಿ.

ಇನ್ನೊಂದು ವಿಷಯವೂ ಇದೆ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2006ರ ಗಾಡಿಗೆ 2021ರಲ್ಲಿ ಆದ ನವೀಕರಣದ ಅವಧಿ 2026ಕ್ಕೆ ಮುಗಿಯುತ್ತದೆ. ಅದಕ್ಕಾಗಿ ಗಾಡಿಯನ್ನು ತಪಾಸಣೆಗೆ ಒಯ್ಯುವ ಮೊದಲು ಈ ಕೆಲಸ ಮುಗಿಸಿ, ಕೆಲವು ದಿನ ಓಡಿಸಿ, ಹೆಡ್ ಕವರಿನ ಅಂಚನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಪಸೆ ಹತ್ತಿದರೆ ಬ್ರೀದರ್ ಪೈಪಿನಿಂದಲೇ ಮತ್ತೊಮ್ಮೆ ಪರೀಕ್ಷೆ ಶುರು ಮಾಡಿ.