ಮಳೆಗಾಲದ ಆಶ್ರಯ: ಸ್ವಂತ ಟ್ರಸ್ಟೋ, ನಗರಸಭೆಯ ಜೊತೆಗೋ?

ಪ್ರಶ್ನೆ, ಕಾರವಾರ: ಬಸ್ ನಿಲ್ದಾಣದ ಸುತ್ತ ಮಲಗುವವರಿಗೆ ಮಳೆಗಾಲದಲ್ಲಿ ರಾತ್ರಿಯೂಟ, ಮಲಗಲು ಜಾಗ ಕೊಡಬೇಕೆಂದು ನಾವು ಐದಾರು ಗೆಳೆಯರು ಹೊರಟಿದ್ದೇವೆ. ಟ್ರಸ್ಟ್ ನೋಂದಾಯಿಸುವುದೋ, ನಗರಸಭೆಯೊಂದಿಗೆ ಒಪ್ಪಂದ ಮಾಡಿಕೊಳ್ಳುವುದೋ? ಅನುಭವವಿದ್ದವರು ತಿಳಿಸಿ.

ಕುಮಟಾ ಅಕ್ಕ: ಟ್ರಸ್ಟ್ ಮಾಡಿ, ಆದರೆ ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಸಿಕ್ಕಿತೆಂದು ಹಿಗ್ಗಬೇಡಿ. ಮೊದಲು ಕೊಡುವುದು 3 ವರ್ಷದ ತಾತ್ಕಾಲಿಕ, ಆಮೇಲೆ ಮತ್ತೆ ಅರ್ಜಿ. ನಮ್ಮ ಪೇಟೆಯವರು ಕೊಡುವುದೆಲ್ಲ ನಗದು. 2000 ರೂಪಾಯಿ ದಾಟಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ ಎಂದ ಕೂಡಲೇ ಮುಖ ಗಂಟಿಕ್ಕುತ್ತಾರೆ. ಲೆಕ್ಕಪರಿಶೋಧಕರ ಶುಲ್ಕ ನಮ್ಮ ತಿಂಗಳ ತರಕಾರಿ ಖರ್ಚನ್ನೇ ಮೀರಿತು. ಜೂನ್, ಜುಲೈ ಮೀನುಗಾರಿಕೆಯ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಂದರಿನ ದೇಣಿಗೆ ನಿಲ್ಲುವುದೂ ಆಗಲೇ, ಊಟಕ್ಕೆ ಬರುವವರು ಹೆಚ್ಚುವುದೂ ಆಗಲೇ.

ಅಂಕೋಲಾದಿಂದ: ಊಟ ಯಾರು ಬೇಕಾದರೂ ಹಾಕುತ್ತಾರೆ, ಮಲಗಿಸಿ ನೋಡಿ. ಆಷಾಢದಲ್ಲಿ ಹೊದಿಕೆ ಒಣಗುವುದಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಒಣಹಾಕಿದೆವು. ಹೊದಿಕೆಗೆಲ್ಲ ಹೊಗೆಯ ವಾಸನೆ, ಮಡಚಿದಲ್ಲೆಲ್ಲ ಬೂಷ್ಟು. ಕಜ್ಜಿ ಒಬ್ಬನಿಂದ ಇಡೀ ಕೋಣೆಗೆ ಹಬ್ಬಿತು. ಎಲ್ಲರಿಗೂ ಒಂದೇ ರಾತ್ರಿ ಮುಲಾಮು ಹಚ್ಚಿಸಿ ಬಟ್ಟೆಯನ್ನೆಲ್ಲ ಕುದಿಸಿದೆವು. ಸುದ್ದಿ ತಿಳಿದ ಕಟ್ಟಡದ ಮಾಲೀಕರು ಮುಂಗಡವನ್ನೂ ಹಿಂದಿರುಗಿಸದೆ ಹೊರಡಿಸಿದರು. ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ತಲೆಗೆ 50 ಚದರ ಅಡಿ ಎನ್ನುತ್ತಿತ್ತು. ನಮ್ಮಂಥವರು ಕೊಡುವ ಬಾಡಿಗೆಗೆ ಅಷ್ಟು ಜಾಗ ಯಾರು ಕೊಡುತ್ತಾರೆ?

ಕುಮಟಾ ಅಕ್ಕ: ‘ಯಾರು ಬೇಕಾದರೂ’ ಎಂದರೇನು ತಮ್ಮಾ? ನಾವು 19 ಕಿಲೊ ವಾಣಿಜ್ಯ ಸಿಲಿಂಡರನ್ನೇ ಕೊಂಡು ಬೇಯಿಸಿದವರು. ಮನೆಯ ಸಿಲಿಂಡರ್ ತಂದು ಕದ್ದು ಉರಿಸಿದವರಲ್ಲ.

ಅಂಕೋಲಾದಿಂದ: ನಾನು ಸೌದೆಯಲ್ಲಿ ಬೇಯಿಸಿದವನು ಅಕ್ಕಾ. ಹೊಗೆ ಎಂದದ್ದು ಓದಲಿಲ್ಲವೇ?

ಶಿರಸಿಯಿಂದ: ಅನ್ನ, ಹಾಸಿಗೆ ಎರಡೂ ಆಮೇಲೆ, ಮೊದಲು ಕಾಗದ ಮಾಡಿಸಿ. ನಮ್ಮಲ್ಲೊಬ್ಬ ಅಜ್ಜಿಗೆ 65 ದಾಟಿದ್ದು ಕಣ್ಣಿಗೇ ಕಾಣುತ್ತಿತ್ತು, ಆಧಾರ್‌ನಲ್ಲಿ ಹುಟ್ಟಿದ ವರ್ಷವೇ ತಪ್ಪು. ತಿದ್ದಿಸಲು ದಾಖಲೆ ಕೇಳಿದರು, ಶಾಲೆಯ ಮೆಟ್ಟಿಲು ಹತ್ತದವಳು ಎಲ್ಲಿಂದ ತಂದಾಳು? ಬೆರಳಚ್ಚೂ ಮೂಡಲಿಲ್ಲ. ಅಡಿಕೆ ಸುಲಿದು ಸುಲಿದು ಬೆರಳ ತುದಿ ನುಣ್ಣಗಾಗಿತ್ತು. ಬೆನ್ನು ಬಿಡದೆ ಮಾಡಿಸಿದೆ. ಈಗ ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ ಬರುತ್ತದೆ.

ಅಂಕೋಲಾದಿಂದ: ಕಾಗದ ಆಗುವ ತನಕ ಅಜ್ಜಿ ಮಲಗಿದ್ದೆಲ್ಲಿ?

ಶಿರಸಿಯಿಂದ: ನಮ್ಮ ಮನೆಯ ಜಗಲಿಯಲ್ಲಿ. ಕಜ್ಜಿಯಿಲ್ಲದೆ.

ಕರಾವಳಿಯವನು: ನಾವು ಸ್ಥಳೀಯ ಸಂಸ್ಥೆಯೊಂದಿಗೇ ಸೇರಿದ್ದೆವು. ಬಿಲ್ಲಿನ ಹಣ ಬರುವಷ್ಟರಲ್ಲಿ ಮಳೆಗಾಲ ಮುಗಿದಿತ್ತು, ಅಂಗಡಿಯವರು ಸಾಲ ನಿಲ್ಲಿಸಿದ್ದರು. ಅಂದ ಹಾಗೆ, ರಾತ್ರಿಗೆ ಕುಚ್ಚಲಕ್ಕಿ ಗಂಜಿ ಸಾಕು.

ಶಿರಸಿಯಿಂದ: ಬಸ್ ನಿಲ್ದಾಣದಲ್ಲಿ ಮಲಗುವವರಲ್ಲಿ ಬಯಲುಸೀಮೆಯ ಕೂಲಿಕಾರರೂ ಇರುತ್ತಾರೆ. ಅವರಿಗೆ ರೊಟ್ಟಿ ಬೇಕು. ಕುಚ್ಚಲಕ್ಕಿ ನಮಗೇ ಇಳಿಯುವುದಿಲ್ಲ.

ಕುಮಟಾ ಅಕ್ಕ: ಘಟ್ಟದ ಮೇಲಿನವರು ಕುಚ್ಚಲಕ್ಕಿಯ ಮಾತೆತ್ತಬೇಡಿ. ರೊಟ್ಟಿ ಬಡಿಯಲು ರಾತ್ರಿ ಕೈ ಯಾರದ್ದು, ನಿಮ್ಮದೇ?